ಸಿದ್ದಿ ಕೇರಿಯವರು ಕೌನ್ಸೆಲಿಂಗಿಗೆ ಒಮ್ಮೆ ಬಂದವರು ಮತ್ತೆ ಯಾಕೆ ಬರುವುದಿಲ್ಲ?

ಯಲ್ಲಾಪುರದ ಕಡೆ ಹೊಸದಾಗಿ ಕೌನ್ಸೆಲರ್ ಆಗಿ ಸೇರಿದ್ದೇನೆ, ಸಿದ್ದಿಯರು ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಸಿದ್ದಿ. ನನ್ನ ಚಿಕ್ಕಮ್ಮನ ವಿಷಯ ಹೇಳುತ್ತೇನೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹೋಯಿತು, ಊಟ ಸೇರುತ್ತಿರಲಿಲ್ಲ. ಎರಡು ಬಸ್ ಹತ್ತಿಳಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮುಖ ನೋಡಿದವರೇ ಮೊದಲು ಕೇಳಿದ್ದು, ‘ನಿಮ್ಮದು ಯಾವ ದೇಶ?’ ಚಿಕ್ಕಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡಿದರು. ಪೋರ್ಚುಗೀಸರು ನಮ್ಮ ಹಿರೀಕರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ನೂರಾರು ವರ್ಷ ಆಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೂ ಸೇರಿಸಿದರು. ಆ ಪ್ರಶ್ನೆ ಮಾತ್ರ ಇವತ್ತಿಗೂ ತಪ್ಪಿಲ್ಲ.

ಮನೆಯಲ್ಲಿ ನಮ್ಮದು ಕೊಂಕಣಿ ಬೆರೆತ ಮಾತು. ಕನ್ನಡದಲ್ಲಿ ಚಿಕ್ಕಮ್ಮನಿಗೆ ಹೇಳಲು ಬಂದದ್ದು ಇಷ್ಟೇ: ‘ರಾತ್ರಿ ಅವರು ಬಂದು ಕರೀತಾರೆ.’ ಚೀಟಿಯಲ್ಲಿ ‘ಧ್ವನಿ ಕೇಳಿಸುತ್ತದೆ’ ಅಂತಾಯಿತು, ಕಾಯಿಲೆಯ ಲಕ್ಷಣ ಅನ್ನೋ ಹಾಗೆ. ನಾವು ತೀರಿಹೋದ ಹಿರಿಯರನ್ನು ಮನೆಯೊಳಗೇ ಪೂಜಿಸುವವರು. ಅವರು ಕನಸಲ್ಲಿ ಬಂದು ಕರೆದರೆ ಅದು ದುಃಖ ಅಲ್ವಾ? ಕಾಯಿಲೆಯೇ ಆಗಿದ್ದರೆ ಮಾತ್ರೆ ಬೇಕೇ ಬೇಕು. ಆದರೆ ಅದು ಕೇಳದೆ ಹೇಗೆ ತಿಳಿಯಬೇಕು? ಮಾತ್ರೆಗೆ ದಿನವಿಡೀ ಮಂಪರು. ಕೂಲಿಯೂ ಹೋಯಿತು. ‘ಇನ್ನು ಬರೋದಿಲ್ಲ’ ಅಂದುಬಿಟ್ಟರು.

ಹಾಗಾಗಿ ಮೊದಲ ದಿನ ಫಾರ್ಮ್ ಪಕ್ಕಕ್ಕಿಡಿ. ‘ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಯಾಕೆ ಬಂತು ಅನಿಸುತ್ತೆ?’ ಅಂತ ಕೇಳಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮನಸ್ಸಿನ ಕಾಯಿಲೆ ಗುರುತಿಸುವ ಕೈಪಿಡಿ ಡಿಎಸ್‌ಎಂ-5ರಲ್ಲೂ ಇಂಥವೇ 16 ಪ್ರಶ್ನೆಗಳಿವೆ. ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ಇನ್ನೂ ಮುಂದೆ ಹೋದರು. ಆರೈಕೆ ಸುರಕ್ಷಿತವಾಗಿತ್ತಾ ಅಂತ ಹೇಳಬೇಕಾದವರು ಆರೈಕೆ ಪಡೆದವರೇ ಅಂದರು. ನೀವೂ ಕೇಳಿ ನೋಡಿ, ಬೇಜಾರಾಯಿತಾ ಅಂತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನಮ್ಮ ಕೇರಿಯಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್.

ಚಿಕ್ಕಮ್ಮ ಕೊನೆಗೆ ಬಾಯಿ ಬಿಟ್ಟಿದ್ದು ನಮ್ಮವರೇ ಆದ ಆಶಾ ಕಾರ್ಯಕರ್ತೆಯ ಹತ್ತಿರ. ಜಗಲಿಯಲ್ಲಿ ಕೂತು, ನಮ್ಮ ಮಾತಲ್ಲೇ. ಎರಡು ತಾಸು ಅತ್ತರು. ಮುಂದಿನ ಸಲ ಆಸ್ಪತ್ರೆಗೆ ಆಕೆಯೇ ಜೊತೆಗೆ ಹೋದರು. ನಿಮ್ಮ ಕಡೆಯ ಆಶಾ ಯಾರು ಅಂತ ಮೊದಲು ವಿಚಾರಿಸಿ, ಅವರ ಜೊತೆ ಕೇರಿಗೆ ಹೋಗಿ. ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಸಂಜೆ ಹೋದರೆ ಸಿಗುತ್ತಾರೆ.