ಗಡ್ಡೆಗೂ ಲಕ್ಷಣಕ್ಕೂ ನಂಟು ತೋರಿಸಿ

ನಮಸ್ಕಾರ,

ವೃಷಣದ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಗಂಡಸರು ಬಾಯಿಬಿಡದ ವಿಷಯ ಆರಿಸಿಕೊಂಡಿದ್ದೀರಿ, ತುಂಬಾ ಖುಷಿಯಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಪುಟದಲ್ಲಿ ಗಡ್ಡೆಯ ವಿಧಗಳು, ಕೊನೆಯ ಪುಟದಲ್ಲಿ ಲಕ್ಷಣಗಳು. ಒಂದಕ್ಕೊಂದು ನಂಟೇ ಇಲ್ಲ. ಓದುವವರಿಗೆ ಬೇಕಾದದ್ದು ಆ ನಂಟೇ ಅಲ್ವಾ? ಈ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 95 ಹುಟ್ಟುವುದು ವೀರ್ಯಾಣುವಿನ ಮೂಲಕೋಶಗಳಿಂದ. ಅವುಗಳಲ್ಲಿ ಸೆಮಿನೋಮಾ ಹೆಚ್ಚಾಗಿ 30 ದಾಟಿದವರಿಗೆ ಬರುತ್ತದೆ. ನಿಧಾನವಾಗಿ ಬೆಳೆಯುತ್ತದೆ, ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ. ಉಳಿದ ಬಗೆಗಳು ಇನ್ನೂ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ, ಹರಡುವ ವೇಗವೂ ಜಾಸ್ತಿ. ಅವುಗಳಲ್ಲೇ ಅಪರೂಪದ ಕೋರಿಯೋಕಾರ್ಸಿನೋಮಾ ರಕ್ತದ ಮೂಲಕ ಬೇಗ ಶ್ವಾಸಕೋಶಕ್ಕೆ ಹೋಗುತ್ತದೆ. ವೃಷಣದ ಗಂಟು ಕೈಗೆ ಸಿಗುವ ಮೊದಲೇ ಕೆಮ್ಮಿದಾಗ ರಕ್ತ ಕಾಣಿಸಬಹುದು. ಅದು ಎಚ್‌ಸಿಜಿ ಹಾರ್ಮೋನನ್ನು ವಿಪರೀತ ಸುರಿಸುತ್ತದೆ, ಅದರಿಂದ ಹುಡುಗನ ಸ್ತನ ಊದಿಕೊಳ್ಳಬಹುದು. ನೀವು ‘ಸ್ತನದ ಊತ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಯಾಕೆ ಅಂತ ಹೇಳಬೇಕಿತ್ತು.

‘ನೋವಿದ್ದರೆ ವೈದ್ಯರ ಬಳಿ ಹೋಗಿ’ ಎಂಬ ಸಾಲು ತೆಗೆಯಿರಿ. ಹೆಚ್ಚಿನವರಿಗೆ ಗಂಟು ನೋಯುವುದೇ ಇಲ್ಲ. ನೋವಿಲ್ಲವಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ.

ತಪ್ಪುಗಳೂ ಇವೆ. ಶುದ್ಧ ಸೆಮಿನೋಮಾದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ರಕ್ತದಲ್ಲಿ ಏರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಗಡ್ಡೆಯಿಂದಲೇ ಅದು ಏರಿದೆ ಎಂದಾದರೆ, ಬೇರೆ ಬಗೆಯ ಕೋಶಗಳೂ ಸೇರಿವೆ ಎಂದೇ ಚಿಕಿತ್ಸೆ ನಡೆಯುತ್ತದೆ. ವೃಷಣ ಚೀಲಕ್ಕೆ ಸೂಜಿ ಚುಚ್ಚಿ ಬಯಾಪ್ಸಿ ಮಾಡುತ್ತಾರೆ ಎಂದಿದ್ದೀರಿ. ಹಾಗೆ ಮಾಡಿದರೆ ಕ್ಯಾನ್ಸರ್ ಹರಡುವ ದಾರಿಯೇ ಬದಲಾಗಬಹುದು. ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬಲವಾದರೆ ತೊಡೆಸಂದಿನ ಮೂಲಕ ವೃಷಣವನ್ನೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಯುವರಾಜ್ ಸಿಂಗ್ ಅವರ ಉದಾಹರಣೆ ಇರಲಿ, ಆದರೆ ಸರಿಮಾಡಿ. ಅವರಿಗೆ ಸೆಮಿನೋಮಾ ಬಂದದ್ದು ವೃಷಣದಲ್ಲಲ್ಲ, ಎದೆಗೂಡಿನೊಳಗೆ, ಎರಡು ಶ್ವಾಸಕೋಶಗಳ ನಡುವೆ. 2012ರಲ್ಲಿ ಅಮೆರಿಕದಲ್ಲಿ ಕೀಮೋ ಪಡೆದರು. ನೋಡಲು ಹೋದದ್ದು ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ ಅವರನ್ನು. 1974ರಲ್ಲಿ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಬಳಸಿ, ಹರಡಿದ ವೃಷಣ ಕ್ಯಾನ್ಸರನ್ನೂ ವಾಸಿ ಮಾಡುವ ದಾರಿ ತೆರೆದ ವೈದ್ಯರು ಅವರೇ. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಕೊಂಡಿ ಬೇಕೇ?

ಕೀಮೋಗೆ ಮೊದಲು ವೀರ್ಯ ಶೇಖರಿಸಿಡುವ ವಿಚಾರ ಎಲ್ಲೂ ಬಂದಿಲ್ಲ. ಇನ್ನೂ ಮದುವೆಯಾಗದ ಹುಡುಗರಿಗೆ ಅದು ಗೊತ್ತಿರಲೇಬೇಕು. ಸೇರಿಸಿ, ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.