ತಲೆ ಅಲ್ಲಾಡಿಸುವ ಬಗ್ಗೆ ಕೇಳಿದ ಸುಂಟಿಕೊಪ್ಪದ ತಮ್ಮನಿಗೆ

ತಮ್ಮಾ, ಅಕ್ಟೋಬರ್‌ಗೆ ಓದಲು ಜರ್ಮನಿಗೆ ಬರುತ್ತೇನೆ ಅಂದೆ. ಬಾಡಿಗೆ ಎಷ್ಟು, ಕೋಟು ಅಲ್ಲಿಂದಲೇ ತರಬೇಕಾ ಅಂದೆ. ಆಮೇಲೆ, "ನಾವು ತಲೆ ಅಲ್ಲಾಡಿಸುವುದು ಅವರಿಗೆ ಅರ್ಥ ಆಗಲ್ವಂತೆ, ಹೌದಾ ಅಣ್ಣಾ?" ಅಂತ ಕೇಳಿದ್ದೀಯ.

ಕೋಟು ಇಲ್ಲೇ ತಗೋ. ಬಾಡಿಗೆ ಊರಿಂದ ಊರಿಗೆ ಬೇರೆ. ಮನೆಗೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸು.

ತಲೆ ವಿಷಯ ನಿಜ. 2009ರಲ್ಲಿ ನಾನು ಬಂದ ಹೊಸತು. ಪ್ರೊಫೆಸರ್ ಹೇಳಿದ್ದಕ್ಕೆಲ್ಲ ತಲೆ ತೂಗುತ್ತಿದ್ದೆ. ಅವರು ಮಾತು ನಿಲ್ಲಿಸಿ, "ಹೌದೋ, ಅಲ್ಲವೋ?" ಅಂದರು. ನಮ್ಮ ತಲೆಯಲ್ಲಿ ಸರಿ, ನೋಡೋಣ, ಪಾಪ, ಮುಂದೆ ಹೇಳು ಎಲ್ಲ ಇದೆ ಅಲ್ವಾ! ಮೊದಲ ಸೆಮಿನಾರ್ ಮುಗಿಸಿದಾಗ ಎಲ್ಲರೂ ಬೆರಳ ಗಣ್ಣಿನಿಂದ ಮೇಜು ಕುಟ್ಟಿದರು. ಸಾಕು, ಕೂತ್ಕೋ ಅನ್ನುತ್ತಿದ್ದಾರೆ ಅಂದುಕೊಂಡೆ. ಅದು ಚಪ್ಪಾಳೆಯಂತೆ. ಇನ್ನೊಂದು, ರಸ್ತೆಯಲ್ಲಿ ಸಿಟ್ಟು ಬಂತೆಂದು ಯಾರಿಗೂ ತಲೆ ಕೆಟ್ಟಿದೆಯಾ ಅನ್ನುವ ಹಾಗೆ ಹಣೆ ತಟ್ಟಿ ತೋರಿಸಬೇಡ. ದಂಡ ಬಿದ್ದೀತು.

ಇದೆಲ್ಲ ಆರು ತಿಂಗಳಲ್ಲಿ ಬರುತ್ತದೆ. ನಾನು ಸ್ವಲ್ಪ ಜಾಸ್ತಿಯೇ ಕಲಿತೆ. ಇಲ್ಲಿ ಬಾಯಲ್ಲಿ ಬಂದದ್ದಷ್ಟೇ ಲೆಕ್ಕ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜರಿದದ್ದನ್ನು ನಿನಗೆ ಹೇಳಬೇಕಿಲ್ಲ. ಐದು ದಿನ ಮನೆಯವರ ಫೋನ್ ಇಲ್ಲ. ಆರನೇ ದಿನ ಕುಶಾಲನಗರದ ಚಿಕ್ಕಮ್ಮನ ಮನೆಯಿಂದ ಅವ್ವ ವಿಡಿಯೋದಲ್ಲಿ ಸಿಕ್ಕಳು. "ನಾವೆಲ್ಲ ಚೆನ್ನಾಗಿದ್ದೇವೆ" ಅಂದಳು. ತೋಟ ಹೇಗಿದೆ ಅಂದೆ. "ಮಳೆ ಬಿಡಲಿ, ನೋಡಬೇಕು" ಅಂದಳು. ಅನ್ನುತ್ತಾ ಬಲಗೈ ಎತ್ತಿ, ಅಂಗೈ ತೋರಿಸಿ, ಮೆಲ್ಲಗೆ ಮಗುಚಿದಳು. ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅಜ್ಜ ಹೋದ ದಿನ ಜಗಲಿಗೆ ಬಂದವರಿಗೆ ಅವಳು ಮಾತಿಲ್ಲದೆ ಹೀಗೇ ಕೈ ಮಗುಚಿದ್ದಳು. ಆಗ ನನಗೆ ಹತ್ತು ವರ್ಷ, ಆದರೂ ಅರ್ಥವಾಗಿತ್ತು. ಈಗ ನಾನು "ಸರಿ, ಮಳೆ ಬಿಡಲಿ" ಅಂದು ಫೋನ್ ಇಟ್ಟೆ. ಮಾರನೇ ದಿನ ಸುಮ್ನೆ ಆಫೀಸಿಗೂ ಹೋದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದರೆ ಕೆಳಗಿನ ತೋಟವೇ ಇಲ್ಲ. ಕಾಫಿಯೂ ಇಲ್ಲ, ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳೂ ಇಲ್ಲ. ಬರೀ ಕೆಂಪು ಮಣ್ಣು. "ಒಂದು ಮಾತು ಹೇಳಬಾರದಿತ್ತಾ ಅವ್ವಾ?" ಅಂದೆ.

"ಹೇಳಿದ್ದೆನಲ್ಲ" ಅಂದಳು.

ಅಮ್ಮನಿಗೆ ಫೋನ್ ಹಿಡಿಯುವುದು ಹೇಗೆ ಅಂತ ಹೊರಡುವ ಮುಂಚೆ ಕಲಿಸಿ ಬಾ. ನಮ್ಮವರು ಮುಖಕ್ಕೆ ಅಂಟಿಸಿಕೊಂಡು ಮಾತಾಡುತ್ತಾರೆ. ದೂರದಲ್ಲಿ ಒರಗಿಸಿ ಇಡಲು ಹೇಳು, ಕೈ ಕಾಣುವ ಹಾಗೆ.