ಲೇಹ್‌ನ ಗಾಳಿಯಲ್ಲಿ ಆಮ್ಲಜನಕ ಶೇ 13 ಮಾತ್ರವೇ?

ಪ್ರಶ್ನೆ: ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್‌ಗೆ ಹೊರಟಿದ್ದೇವೆ. ಅಲ್ಲಿ ಆಮ್ಲಜನಕ ಶೇ 13–14ರಷ್ಟೇ ಇರುತ್ತದೆ ಎಂದು ಓದಿದೆ. ಶಾಲೆಯಲ್ಲಿ ಕಲಿತದ್ದು ಶೇ 21. ಯಾವುದು ಸರಿ? ಮತ್ತೆ, ಮೇಲೇರಿದಷ್ಟೂ ಸೂರ್ಯನಿಗೆ ಹತ್ತಿರವಾಗುತ್ತೇವಲ್ಲ, ಚಳಿ ಹೆಚ್ಚುವುದೇಕೆ?

ಉತ್ತರ: ಶಾಲೆಯಲ್ಲಿ ಕಲಿತದ್ದೇ ಸರಿ. ತೇವಾಂಶ ಬಿಟ್ಟು ಲೆಕ್ಕ ಹಾಕಿದರೆ ಗಾಳಿಯಲ್ಲಿ ಸಾರಜನಕ ಶೇ 78.08, ಆಮ್ಲಜನಕ ಶೇ 20.95, ಆರ್ಗಾನ್ ಶೇ 0.93, ಇಂಗಾಲದ ಡೈಆಕ್ಸೈಡ್ ಶೇ 0.04ಕ್ಕಿಂತ ತುಸು ಹೆಚ್ಚು. ಮಂಗಳೂರಿನ ಕಡಲತೀರದಲ್ಲೂ ಎವರೆಸ್ಟ್ ತುದಿಯಲ್ಲೂ ಆಮ್ಲಜನಕದ ಪಾಲು ಇಷ್ಟೇ. ಭಾರದ ಅನಿಲ ಕೆಳಗಿಳಿದು ಹಗುರವಾದದ್ದು ಮೇಲೇರಲು ಗಾಳಿಯ ಕಲಕಾಟ ಬಿಡುವುದಿಲ್ಲ. ಸುಮಾರು 100 ಕಿ.ಮೀ. ಎತ್ತರದವರೆಗೂ ಇದೇ ಮಿಶ್ರಣ.

ಕಡಿಮೆಯಾಗುವುದು ಒತ್ತಡ. ಸಮುದ್ರಮಟ್ಟದಲ್ಲಿ 1013 ಹೆಕ್ಟೊಪಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 910, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 650ರ ಆಸುಪಾಸು. ಅಂದರೆ ಒಂದೊಂದು ಉಸಿರಿನಲ್ಲೂ ಎಲ್ಲ ಅನಿಲಗಳ ಅಣುಗಳೂ ಕಡಿಮೆ. ಈ ಕೊರತೆಯನ್ನು ಸಮುದ್ರಮಟ್ಟದ ಶೇಕಡಾವಾರಿಗೆ ಇಳಿಸಿದಾಗ ಬರುವ ಸಂಖ್ಯೆಯೇ ನೀವು ಓದಿದ 13–14. ಸಾಲದ್ದಕ್ಕೆ, ಒಳಹೋದ ಗಾಳಿ ಶ್ವಾಸನಾಳದಲ್ಲಿ ಪೂರ್ತಿ ತೇವಗೊಳ್ಳುತ್ತದೆ. ಆ ನೀರಾವಿ ಎಲ್ಲಿದ್ದರೂ 63 ಹೆಕ್ಟೊಪಾಸ್ಕಲ್ ಜಾಗ ಹಿಡಿಯುತ್ತದೆ. ಒಟ್ಟು ಒತ್ತಡ ಕುಗ್ಗಿದಷ್ಟೂ ಇದರ ಹೊರೆ ಹೆಚ್ಚು. ಹೀಗಾಗಿ ಲೇಹ್‌ನಲ್ಲಿ ನಿಮ್ಮ ಶ್ವಾಸನಾಳಕ್ಕೆ ಸಿಗುವ ಆಮ್ಲಜನಕದ ಒತ್ತಡ ಬೆಂಗಳೂರಿನ ಶೇ 70ರಷ್ಟು ಮಾತ್ರ. ಇಳಿದ ಮೊದಲ ಎರಡು ದಿನ ವಿಶ್ರಾಂತಿಯಲ್ಲಿರಿ. ತಲೆನೋವು, ವಾಕರಿಕೆ ಇದ್ದರೆ ಇನ್ನೂ ಎತ್ತರದಲ್ಲಿರುವ ಖರ್ದುಂಗ್ ಲಾ ಕಣಿವೆಮಾರ್ಗದ ಕಡೆ ಹೊರಡಲೇಬೇಡಿ, ಅಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಅದು ಅಪಾಯದ ಸೂಚನೆ, ತಕ್ಷಣ ವೈದ್ಯರನ್ನು ಕಾಣಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕೇಳಿ.

ಇನ್ನು ಚಳಿ. ಸೂರ್ಯ ಇರುವುದು ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ, ಹತ್ತು ಕಿ.ಮೀ. ಹತ್ತಿರ ಹೋದರೆ ಏನೂ ಆಗದು. ಬೆಳಕಿನ ಬಹುಪಾಲು ಗಾಳಿಯನ್ನು ಹಾದು ನೆಲವನ್ನು ಕಾಯಿಸುತ್ತದೆ, ಗಾಳಿಗೆ ಶಾಖ ಸಿಗುವುದು ಮುಖ್ಯವಾಗಿ ನೆಲದಿಂದ. ಮೇಲೇರುವ ಗಾಳಿ ಒತ್ತಡ ಕಡಿಮೆಯಾದಂತೆ ಹಿಗ್ಗುತ್ತದೆ. ಹಿಗ್ಗಲು ತನ್ನದೇ ಶಕ್ತಿ ಖರ್ಚು ಮಾಡಿ ತಣ್ಣಗಾಗುತ್ತದೆ. ಸರಾಸರಿ ಕಿ.ಮೀ.ಗೆ 6.5 ಡಿಗ್ರಿ ಇಳಿಕೆ.

ಆದರೆ ಈ ಇಳಿಕೆ ಕೊನೆತನಕ ಸಾಗುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟೆಸ್ಸರೆಂಕ್ ದ ಬೋರ್ ಬಲೂನುಗಳಲ್ಲಿ ಉಷ್ಣಮಾಪಕ ಹಾರಿಸಿ, ಒಂದು ಎತ್ತರದ ನಂತರ ತಾಪ ಇಳಿಯುವುದು ನಿಲ್ಲುತ್ತದೆ ಎಂದು ಕಂಡುಕೊಂಡರು. ಅದರಾಚೆಗಿನದೇ ಸ್ತರಗೋಳ. ಅಲ್ಲಿಯ ಓಝೋನ್ ನೇರಳಾತೀತ ಕಿರಣಗಳನ್ನು ತಾನೇ ಹೀರಿ ಗಾಳಿಯನ್ನು ಬಿಸಿ ಮಾಡುವುದರಿಂದ, 50 ಕಿ.ಮೀ. ಎತ್ತರದ ಹೊತ್ತಿಗೆ ತಾಪ ಮತ್ತೆ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಅದರ ಮೇಲಿನ ಮಧ್ಯಗೋಳದಲ್ಲಿ ಪುನಃ ಇಳಿದು, 85 ಕಿ.ಮೀ. ಸುತ್ತಮುತ್ತ ಮೈನಸ್ 90 ಡಿಗ್ರಿ ಮುಟ್ಟುತ್ತದೆ.

ಸ್ತರಗೋಳ ಶುರುವಾಗುವ ಎತ್ತರ ಎಲ್ಲೆಡೆ ಒಂದೇ ಅಲ್ಲ. ಧ್ರುವಗಳ ಬಳಿ 8–9 ಕಿ.ಮೀ., ಕರ್ನಾಟಕದ ಮೇಲೆ 16–17. ಆದ್ದರಿಂದ 11 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನ ಚಳಿಗಾಲದ ಉತ್ತರ ಯುರೋಪಿನ ಮೇಲೆ ಹಲವು ಬಾರಿ ಸ್ತರಗೋಳದಲ್ಲಿರುತ್ತದೆ. ನಮ್ಮ ನೆತ್ತಿಯ ಮೇಲೆ ಹೋಗುವಾಗ ಮಳೆಮೋಡಗಳಿರುವ ಪರಿವರ್ತನ ಗೋಳದಲ್ಲೇ ಇರುತ್ತದೆ.